ಕಂಬಳಿಹುಳ ಬೇಡ ಅಂದಿದ್ದ ಅಳಿಯನ ಜೊತೆ ಫೈರ್‌ರೆಡ್ ಆಡಿದ್ದು

ಚಾರ್ಮಾಂಡರ್ ಲೆವೆಲ್ 12. ಪಿಜಿ ಲೆವೆಲ್ 3. ರಟಾಟಾ ಲೆವೆಲ್ 2. ಪೋಕೆಮಾನ್ ಆಟದಲ್ಲಿ ಅಳಿಯನ ಟೀಮ್ ಅಂದರೆ ಈ ಮೂರು ಪ್ರಾಣಿಗಳಷ್ಟೇ.

ಜುಲೈ ತಿಂಗಳು. ಮೂಡಿಗೆರೆಯಲ್ಲಿ ಮಳೆ ಜೋರಾಗಿ ಹಿಡಿದು ಶಾಲೆಗೆ ರಜೆ ಕೊಟ್ಟಿದ್ದರು. ನಾನು ಹಾಸನದಿಂದ ಬೇಲೂರು ಮೇಲೆ ಬಸ್ಸಿನಲ್ಲಿ ಅಕ್ಕನ ಮನೆಗೆ ಬಂದಿದ್ದೆ. ಕೈಯಲ್ಲಿ ಹಿಡಿದು ಆಡುವ ನನ್ನ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಅದರ ಜೊತೆ ಪೋಕೆಮಾನ್ ಫೈರ್‌ರೆಡ್ ಕಾರ್ಟ್ರಿಡ್ಜ್, ಎರಡನ್ನೂ ಹಿಂದಿನ ಸಲ ಬಂದಾಗಲೇ ಅವನಿಗೆ ಕೊಟ್ಟು ಹೋಗಿದ್ದೆ. ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಊರೂರಿನ ಜಿಮ್ ನಾಯಕರ ಜೊತೆ ಹೊಡೆದಾಡಿಸುವ ಆಟ. 1996ರ ಮೊದಲ ಆಟವನ್ನೇ 2004ರಲ್ಲಿ ಹೊಸದಾಗಿ ಮಾಡಿದ್ದು ಇದು. ನಾನು ಎಷ್ಟು ಸಲ ಮುಗಿಸಿದ್ದೇನೋ ಲೆಕ್ಕವಿಲ್ಲ.

"ಮಾವ, ಬ್ರಾಕ್ ಹತ್ರ ನಾಲ್ಕು ಸಲ ಸೋತೆ. ಮೊದಲಿಂದ ಶುರು ಮಾಡ್ಲಾ? ಈ ಸಲ ಸ್ಕ್ವರ್ಟಲ್ ತಗೋತೀನಿ."

ಬೇಡ ಅಂದೆ. ಆಟದ ಶುರುವಿನಲ್ಲಿ ಚಾರ್ಮಾಂಡರ್ ತೆಗೆದುಕೊಂಡವರಿಗೆ ಮೊದಲ ಎರಡು ಜಿಮ್ ಕಷ್ಟ, ಅದು ನಿಜ. ಮೊದಲ ಜಿಮ್‌ನ ನಾಯಕ ಬ್ರಾಕ್‌ನದು ಕಲ್ಲು, ಎರಡನೆಯ ಜಿಮ್‌ನ ಮಿಸ್ಟಿಯದು ನೀರು, ಎರಡಕ್ಕೂ ಚಾರ್ಮಾಂಡರ್‌ನ ಬೆಂಕಿ ಸೋಲುತ್ತದೆ. ಆದರೆ ಅವನು ಸೋತಿದ್ದು ಚಾರ್ಮಾಂಡರ್ ದೆಸೆಯಿಂದ ಅಲ್ಲ. ಎಲ್ಲ ಜಗಳಕ್ಕೂ ಅದೊಂದನ್ನೇ ಕಳಿಸಿದ್ದ. ಇರೋ ದುಡ್ಡನ್ನೆಲ್ಲ ಒಂದಕ್ಕೆ 300ರಂತೆ ಜೀವ ತುಂಬುವ ಪೋಷನ್‌ಗೆ ಸುರಿದಿದ್ದ. ಹೊಸ ಪೋಕೆಮಾನ್ ಹಿಡಿಯುವ ಪೋಕೆಬಾಲ್ 200. ಆ ಹಂತದಲ್ಲಿ ನನ್ನ ಕೇಳಿದರೆ ಪೋಷನ್‌ಗಿಂತ ಬಾಲ್ ಮೇಲೆ ಖರ್ಚು ಮಾಡಿ ಅಂತಲೇ ಹೇಳುತ್ತೇನೆ. ಇನ್ನೊಂದು ಒಳ್ಳೆ ಪೋಕೆಮಾನ್ ಇದ್ದರೆ ಹತ್ತು ಪೋಷನ್ ಉಳಿಯುತ್ತದೆ.

ನಾವು ಮುಂದೆ ಹೋಗಲಿಲ್ಲ, ಹಿಂದೆ ಬಂದೆವು. ಬ್ರಾಕ್ ಇರುವ ಪ್ಯೂಟರ್ ಸಿಟಿಯಿಂದ ಕಾಡು ದಾಟಿ ವಿರಿಡಿಯನ್‌ಗೆ, ಅಲ್ಲಿಂದ ಪಶ್ಚಿಮಕ್ಕೆ ರೂಟ್ 22. ಈ ಹಂತದಲ್ಲಿ ಕಥೆ ಆ ಕಡೆಗೆ ಕಳಿಸುವುದಿಲ್ಲ, ಹಾಗಾಗಿ ತುಂಬಾ ಜನ ನೋಡದೇ ಹೋಗುತ್ತಾರೆ. ಅಲ್ಲಿನ ಹುಲ್ಲಿನಲ್ಲಿ ಮ್ಯಾಂಕಿ ಸುಲಭವಾಗಿ ಸಿಗುತ್ತದೆ. ಅಳಿಯ ಹಿಡಿದು 'ಮಂಗಣ್ಣ' ಅಂತ ಹೆಸರಿಟ್ಟ. ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅವನ ಅಜ್ಜಿ, "ತೋಟದ ಮಂಗನ ಕಾಟ ಸಾಲದು ಅಂತ ಅದರಲ್ಲೂ ಮಂಗನ್ನೇ ಸಾಕ್ತೀಯೇನೋ?" ಅಂದರು.

ಈ ಮಂಗಣ್ಣ ಲೆವೆಲ್ 10 ಆಗುವ ಮೊದಲೇ ಲೋ ಕಿಕ್ ಕಲಿಯುತ್ತದೆ. ಅದರಲ್ಲಿ ಒಂದು ಗುಟ್ಟಿದೆ. ಎದುರಾಳಿ ಎಷ್ಟು ಭಾರವೋ ಒದೆತಕ್ಕೆ ಅಷ್ಟು ಬಲ. ಜಿಯೋಡ್ಯೂಡ್ ತೂಕ 20 ಕೆಜಿ, ಅದಕ್ಕೆ ಬಲ 40 ಅಷ್ಟೇ. ಬ್ರಾಕ್‌ನ ಆನಿಕ್ಸ್ 210 ಕೆಜಿ. 200 ಕೆಜಿ ದಾಟಿದರೆ ಬಲ 120. ಹೊಡೆದಾಟದ ಟೈಪ್ ಕಲ್ಲಿನ ಮೇಲೆ ಎರಡರಷ್ಟು ಪೆಟ್ಟು ಕೊಡುತ್ತದೆ. ಮ್ಯಾಂಕಿಯದೂ ಅದೇ ಟೈಪ್ ಆದ್ದರಿಂದ ಇನ್ನೂ ಅರ್ಧ ಜಾಸ್ತಿ. ಕಲ್ಲಿನ ಏಟು ಮ್ಯಾಂಕಿಗೆ ಅರ್ಧವೇ ತಾಗುತ್ತದೆ. ಆಟ ಮಾಡಿದವರು ಮೊದಲ ಜಿಮ್‌ಗೆ ಉತ್ತರವನ್ನು ವಿರಿಡಿಯನ್ ಪಕ್ಕದ ಹುಲ್ಲಿನಲ್ಲೇ ಇಟ್ಟಿದ್ದಾರೆ. ನನಗೆ ಈ ಆಟ ಇಷ್ಟವಾಗೋದು ಇದಕ್ಕೇ.

ಚಿಕ್ಕ ಲೆವೆಲ್‌ನದನ್ನು ಬೆಳೆಸೋದು ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ. ಮಂಗಣ್ಣನನ್ನು ಪಟ್ಟಿಯಲ್ಲಿ ಮೊದಲು ಇಡಬೇಕು. ಜಗಳ ಶುರುವಾದ ಕೂಡಲೇ ಒಳಗೆ ಕರೆದು ಚಾರ್ಮಾಂಡರ್ ಬಿಡಬೇಕು. ಒಂದು ಏಟೂ ಹೊಡೆಯದೆ ಕಾಣಿಸಿಕೊಂಡರೂ ಸಾಕು, ಅನುಭವದ ಅಂಕ ಇಬ್ಬರಿಗೂ ಸಮಪಾಲು. ಈ ಆಟದಲ್ಲಿ ಕೂತವರಿಗೆ ಅಂಕವಿಲ್ಲ, ಅಂಗಳಕ್ಕೆ ಇಳಿದವರಿಗೆ ಮಾತ್ರ.

ವಾಪಸ್ ಕಾಡಿಗೆ ಬಂದಾಗ ಕ್ಯಾಟರ್‌ಪಿ ಹಿಡಿ ಅಂದೆ.

"ಅಯ್ಯೋ, ಕಂಬಳಿಹುಳ ಬೇಡ ಮಾವ!"

ಮಲೆನಾಡಿನ ಹುಡುಗ. ಕಂಬಳಿಹುಳ ತಾಗಿ ಮೈಯೆಲ್ಲ ತುರಿಸಿಕೊಂಡವನು. ಅವನ ಮಾತೂ ಸರಿಯೇ. ಒಂದು ಇರಲಿ ನೋಡು ಅಂತ ಹಿಡಿಸಿದೆ. ಲೆವೆಲ್ 7ಕ್ಕೆ ಗೂಡಾಗಿ ಮೆಟಾಪಾಡ್, 10ಕ್ಕೆ ಚಿಟ್ಟೆಯಾಗಿ ಬಟರ್‌ಫ್ರೀ. ಇಷ್ಟು ಬೇಗ ಪೂರ್ತಿ ಬೆಳೆಯುವಂಥವು ತೀರಾ ಕಡಿಮೆ. ಗೂಡಿನಲ್ಲಿರುವಾಗ ಅದರ ಕೈಯಲ್ಲಿ ಜಗಳ ಆಗುವುದಿಲ್ಲ. ಮೇಲೆ ಹೇಳಿದ ಹಾಗೆ ಮುಂದೆ ಇಟ್ಟು, ಒಳಗೆ ಕರೆದು ಬೆಳೆಸಬೇಕು. ಅದೇ ಕಾಡಿನಲ್ಲಿ ಪಿಕಾಚೂ ಕೂಡ ಇದೆ. ನೂರಕ್ಕೆ ಐದು ಸಲ ಮಾತ್ರ ಎದುರಾಗುತ್ತದೆ. ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಎಸ್‌ಪಿಯ ಪರದೆಗೆ ಅದರದೇ ಬೆಳಕಿದೆ, ಕತ್ತಲಲ್ಲೂ ಹುಲ್ಲು ತುಳಿಯುತ್ತಲೇ ಇದ್ದೆವು.

ಮಾರನೆಯ ದಿನ ಬೆಳಿಗ್ಗೆ, ಅಕ್ಕ ಕಡುಬು ಬೇಯಿಸುವಷ್ಟರಲ್ಲಿ, ಜಿಮ್ ಬಾಗಿಲಲ್ಲಿ ಸೇವ್ ಮಾಡಿ ಒಳಗೆ ಹೋದೆವು. ಮಂಗಣ್ಣ ಲೆವೆಲ್ 11. ಚಾರ್ಮಾಂಡರ್ 13 ಆಗಿ ಮೆಟಲ್ ಕ್ಲಾ ಕಲಿತಿತ್ತು. ಉಕ್ಕಿನ ಏಟು, ಕಲ್ಲಿಗೆ ಎರಡರಷ್ಟು ತಾಗುವಂಥದ್ದು. ಲೆವೆಲ್ 12ರ ಜಿಯೋಡ್ಯೂಡ್‌ನ್ನು ಅದೇ ಮುಗಿಸಿತು. ಲೆವೆಲ್ 14ರ ಆನಿಕ್ಸ್ ಬಂದಾಗ ಮಾತ್ರ ಒಂದು ಮೆಟಲ್ ಕ್ಲಾಗೆ ಕಾಲುಭಾಗವೂ ಇಳಿಯಲಿಲ್ಲ. ಆನಿಕ್ಸ್‌ನ ರಕ್ಷಣೆಯ ಮೂಲ ಅಂಕವೇ 160, ಚಾರ್ಮಾಂಡರ್ ಏನು ಮಾಡೀತು? ಮಂಗಣ್ಣನನ್ನು ಬಿಟ್ಟೆವು. ಎರಡು ಒದೆತ. ಆನಿಕ್ಸ್ ಬಿತ್ತು. ಅಳಿಯ ಕೂಗಿದ್ದಕ್ಕೆ ಒಳಗಿಂದ ಅಕ್ಕ ಓಡಿ ಬಂದಳು.

ಬಟರ್‌ಫ್ರೀಯನ್ನು ಆ ಜಿಮ್‌ನಲ್ಲಿ ಬಿಡಲೇ ಇಲ್ಲ. ಹುಳ ಮತ್ತು ಹಾರುವ ಟೈಪ್ ಎರಡೂ ಆದ್ದರಿಂದ ಕಲ್ಲಿನ ಏಟು ಅದಕ್ಕೆ ನಾಲ್ಕರಷ್ಟು. ಕೂರಿಸಬೇಕಾದ ಕಡೆ ಕೂರಿಸಬೇಕು, ಅಲ್ವಾ?

ರೂಟ್ 3ರಲ್ಲಿ ಗಂಡು ನಿಡೊರಾನ್ ಹಿಡಿದೆವು. 16ಕ್ಕೆ ನಿಡೊರಿನೋ. ಮೌಂಟ್ ಮೂನ್ ಗುಹೆಯಲ್ಲಿ ಸಿಕ್ಕ ಮೂನ್ ಸ್ಟೋನ್ ಕೊಟ್ಟೆವು, ನಿಡೊಕಿಂಗ್ ಆಯಿತು. ಗುಹೆಯ ಬಗ್ಗೆ ಹೇಳೋದು ಹೆಚ್ಚೇನಿಲ್ಲ, ಬಾವಲಿಗಳ ಕಾಟ.

ಸೆರುಲಿಯನ್ ಸಿಟಿ ತಲುಪಿದ ಮೇಲೆ ಅವನು ನೇರ ಜಿಮ್‌ಗೆ ಹೊರಟ. ನಾನು ತಡೆದೆ. ಮೊದಲು ಉತ್ತರದ ಸೇತುವೆ. ಅಲ್ಲಿ ಸಾಲಾಗಿ ಐದು ಜನ ನಿಂತಿರುತ್ತಾರೆ. ಎಲ್ಲರನ್ನೂ ಗೆದ್ದರೆ ಕೊನೆಯಲ್ಲಿ ಒಂದು ಚಿನ್ನದ ಗಟ್ಟಿ, ಮಾರಿದರೆ 5000. ಆ ಹೊತ್ತಿಗೆ ಅದು ದೊಡ್ಡ ದುಡ್ಡು. ಅದಕ್ಕಿಂತ ಮುಖ್ಯ ಆಚೆ ದಡದ ಹುಲ್ಲು. ಫೈರ್‌ರೆಡ್‌ನಲ್ಲಿ ಅಲ್ಲಿ ಆಡಿಶ್ ಸಿಗುತ್ತದೆ. ಸೊಪ್ಪಿನ ಟೈಪ್, ನೀರಿನ ಏಟು ಅರ್ಧವೇ ತಾಗುತ್ತದೆ.

ಮಿಸ್ಟಿಯ ಮೊದಲನೆಯದು ಲೆವೆಲ್ 18ರ ಸ್ಟಾರ್ಯು, ತೊಂದರೆ ಇಲ್ಲ. ಎರಡನೆಯದು ಲೆವೆಲ್ 21ರ ಸ್ಟಾರ್ಮಿ. ಆಟದ ಶುರುವಿನಲ್ಲಿ ನನಗೆ ಅದರಷ್ಟು ಭಯ ಹುಟ್ಟಿಸಿದ್ದು ಇನ್ನೊಂದಿಲ್ಲ. ನಮ್ಮೆಲ್ಲರಿಗಿಂತ ವೇಗ. ವಾಟರ್ ಪಲ್ಸ್ ಏಟು ಬಲು ಜೋರು. ಜೊತೆಗೆ ರಿಕವರ್ ಮಾಡಿಕೊಂಡು ಅರ್ಧ ಜೀವ ವಾಪಸ್ ಪಡೆಯುತ್ತದೆ. ನೀರಿಗೆ ಮಿಂಚು ಅಂತ ಪಿಕಾಚೂ ಬಿಟ್ಟ ಅಳಿಯ. ಪಿಕಾಚೂ ಹೊಡೆಯುವ ಮೊದಲೇ ಒಂದೇ ಏಟಿಗೆ ಬಿತ್ತು. ಟೈಪ್ ಸರಿ ಇದ್ದರೂ ಏಟು ತಡೆಯುವ ಶಕ್ತಿ ಇರಲಿಲ್ಲ.

ಎರಡನೆಯ ಸಲ ಮಿಸ್ಟಿಯ ಎದುರು ನಿಂತಾಗ ಅವನ ಕಂಬಳಿಹುಳ ಮುಂದೆ ಹೋಯಿತು. ಲೆವೆಲ್ 18ರ ಬಟರ್‌ಫ್ರೀಗೆ ಅಷ್ಟರಲ್ಲಿ ನಿದ್ದೆ ಬರಿಸುವ ಸ್ಲೀಪ್ ಪೌಡರ್ ಬಂದಿತ್ತು. ಈ ಪುಡಿ ಸಾಮಾನ್ಯವಾಗಿ ನೂರಕ್ಕೆ 75 ಸಲ ತಾಗುತ್ತದೆ. ಬಟರ್‌ಫ್ರೀಯ ಕಣ್ಣಿನ ಗುಣದಿಂದ ಅದು 97ರ ಮೇಲೆ ಹೋಗುತ್ತದೆ. ಸ್ಟಾರ್ಮಿಯ ಒಂದು ಏಟನ್ನು ಚಿಟ್ಟೆ ತಡೆದುಕೊಂಡಿತು. ಅರ್ಧ ಜೀವ ಹೋಯಿತು. ಆಮೇಲೆ ಪುಡಿ ಉದುರಿಸಿತು. ಸ್ಟಾರ್ಮಿ ಮಲಗಿತು. ಆಗ ಪಿಕಾಚೂ ಬಂತು. ಮಲಗಿದ್ದಕ್ಕೆ ಮೂರು ಸಲ ಮಿಂಚು. ಜೀವ ಇನ್ನೇನು ಒಂದು ಗೆರೆಯಷ್ಟು ಉಳಿದಿದೆ ಅನ್ನುವಾಗ ಎದ್ದು ಪಿಕಾಚೂನ ಬೀಳಿಸಿತು. ಅಳಿಯ ಉಸಿರು ಬಿಡಲಿಲ್ಲ. ಆಡಿಶ್ ಇಳಿಯಿತು. ಒಂದು ವಾಟರ್ ಪಲ್ಸ್ ತಿಂದು, ಅಬ್ಸಾರ್ಬ್‌ನಿಂದ ಆ ಗೆರೆಯನ್ನೂ ಹೀರಿತು.

ಹೊರಗೆ ಮಳೆ ಸ್ವಲ್ಪ ತಗ್ಗಿತ್ತು. ಸಂಜೆ ಬಸ್ಸಿಗೆ ನಾನು ಹಾಸನಕ್ಕೆ ಹೊರಟೆ.

ಎರಡು ದಿನ ಬಿಟ್ಟು ಫೋನ್ ಮಾಡಿದ. ಸೆರುಲಿಯನ್‌ನಲ್ಲಿ ಟೀಮ್ ರಾಕೆಟ್ ಗ್ಯಾಂಗಿನ ಕಳ್ಳನನ್ನು ಸೋಲಿಸಿ, ಡಿಗ್ ಅನ್ನುವ ನೆಲದ ಏಟನ್ನು ಪೋಕೆಮಾನ್‌ಗೆ ಕಲಿಸುವ ಟಿಎಂ ಪಡೆದಿದ್ದನಂತೆ. ಅದನ್ನು ಒಂದೇ ಸಲ ಬಳಸಬಹುದು. ಯಾರಿಗೆ ಕಲಿಸಲಿ ಅಂತ ಕೇಳಿದ. ಮುಂದಿನ ಜಿಮ್ ಮಿಂಚಿನದು, ನೀನೇ ಯೋಚಿಸು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ.

"ಚಾರ್ಮಾಂಡರ್ ಬೆಳೆದು ಚಾರ್ಮೀಲಿಯನ್ ಆಗಿದೆಯಲ್ಲ, ಅದಕ್ಕೂ ಕಲಿಸಬಹುದು ಮಾವ. ಆದ್ರೆ ಅದಕ್ಕೆ ಮಿಂಚು ತಾಗುತ್ತೆ. ನಿಡೊಕಿಂಗ್ ನೆಲದ ಟೈಪ್, ಅದಕ್ಕೆ ತಾಗೋದೇ ಇಲ್ಲ. ಅದಕ್ಕೇ ಕಲಿಸ್ತೀನಿ," ಅಂದು ಫೋನ್ ಇಟ್ಟ.