ಪೇಪರ್ ಓದುವಂತಿಲ್ಲ: ಪುಣೆಯಲ್ಲಿ ನಾವು ನಡೆಸಿದ ಕಾನ್ಫರೆನ್ಸ್

ಕಾಲೇಜಿನಲ್ಲಿ ಪಾಠ ಹೇಗೆ ಮಾಡಬೇಕು, ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಸಂಶೋಧನೆ ಮಾಡುವವರು ಒಂದೆಡೆ ಸೇರಿದಾಗ ಆ ಸಂಶೋಧನೆ ಹೇಳುವಂತೆಯೇ ನಡೆದುಕೊಳ್ಳಬೇಕು. ಪುಣೆಯ ನಮ್ಮ ಕಾಲೇಜಿನಲ್ಲಿ ಎರಡು ದಿನದ ಕಾನ್ಫರೆನ್ಸ್ ನಡೆಸುವ ಹೊಣೆ ನನಗೆ ಬಂದಾಗ ನಾನು ಪಟ್ಟು ಹಿಡಿದದ್ದು ಇದೊಂದಕ್ಕೇ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ಸರಾಸರಿ ಶೇ. 34ರಷ್ಟು ಮಂದಿ ಫೇಲ್. ವಿದ್ಯಾರ್ಥಿಗಳು ತಾವೇ ಯೋಚಿಸಿ, ಮಾತಾಡಿ, ಬಿಡಿಸುವ ತರಗತಿಗಳಲ್ಲಿ ಶೇ. 22. ಮಕ್ಕಳಿಗೆ ಒಗ್ಗದ ಪದ್ಧತಿ ಮೇಷ್ಟ್ರುಗಳಿಗೆ ಮಾತ್ರ ಹೇಗೆ ಒಗ್ಗೀತು?

ಹಾಗಾಗಿ ಮೊದಲು ಬದಲಾದದ್ದು ಜಾಗ. ಆಡಿಟೋರಿಯಂ ಬೇಡವೆಂದೆ. ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ ಜಡಿದ ಕಡೆ ಹಿಂದಿನವರ ಮುಖ ನೋಡಬೇಕೆಂದರೆ ಕತ್ತು ತಿರುಚಬೇಕು. ಪರೀಕ್ಷೆ ನಡೆಸುವ ಹಾಲ್ ಖಾಲಿ ಮಾಡಿಸಿ, ಎರಡೆರಡು ಡೆಸ್ಕ್ ಜೋಡಿಸಿ ಆರಾರು ಜನ ಕೂರುವಂತೆ ಮಾಡಿದೆವು. ಸತ್ಕಾರ, ಶಾಲು, ಮುಖ್ಯ ಅತಿಥಿಗಳ ಭಾಷಣ ಯಾವುದೂ ಇಟ್ಟುಕೊಳ್ಳಲಿಲ್ಲ. ಇದಕ್ಕೆ ಕಮಿಟಿಯಲ್ಲಿ ಸಾಕಷ್ಟು ವಾದವಾಯಿತು. ಪ್ರಾಂಶುಪಾಲರು ನಮ್ಮ ಪರ ನಿಂತದ್ದರಿಂದ ಉಳಿಯಿತು.

ಆಹ್ವಾನದಲ್ಲಿ ಪೂರ್ಣ ಪ್ರಬಂಧ ಕೇಳಲಿಲ್ಲ. ನಿಮ್ಮ ತರಗತಿಯಲ್ಲಿ ನಿಮ್ಮನ್ನು ಕಾಡಿದ ಪ್ರಶ್ನೆ ಯಾವುದು, ಅದಕ್ಕೆ ಏನು ಮಾಡಿ ನೋಡಿದಿರಿ, ವಿದ್ಯಾರ್ಥಿಗಳ ಕಡೆಯಿಂದ ಏನು ಪುರಾವೆ ತರುತ್ತೀರಿ ಎಂದಷ್ಟೇ ಕೇಳಿದೆವು. ಪುರಾವೆ ಎಂದರೆ ಉತ್ತರಪತ್ರಿಕೆ, ಲ್ಯಾಬ್ ನೋಟ್‌ಬುಕ್, ಚರ್ಚೆಯ ರೆಕಾರ್ಡಿಂಗ್, ಏನಾದರೂ ಸರಿ; ಮಕ್ಕಳ ಒಪ್ಪಿಗೆ ಇರಬೇಕು, ಹೆಸರು, ರೋಲ್ ನಂಬರ್ ಅಳಿಸಿರಬೇಕು. ಪ್ರೊಮೋಷನ್ನಿಗೆ ಸರ್ಟಿಫಿಕೇಟ್ ಬೇಕಾದವರ ಚಿಂತೆ ನ್ಯಾಯವಾದದ್ದೇ. ಟೇಬಲ್ ಮುಂದೆ ಮಂಡಿಸಿದ್ದನ್ನೂ ಪ್ರಬಂಧ ಮಂಡನೆ ಎಂದೇ ಬರೆದುಕೊಡುತ್ತೇವೆ ಎಂದು ಮೊದಲೇ ತಿಳಿಸಿದ್ದೆವು.

ಮೊದಲ ದಿನ ಬೆಳಿಗ್ಗೆ ಎಲ್ಲರ ಕೈಗೂ ಉತ್ತರ ತೋರಿಸಲು ನಾಲ್ಕು ಬಣ್ಣದ ಕಾರ್ಡ್ ಕೊಟ್ಟೆವು. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ಭೌತಶಾಸ್ತ್ರದ ತರಗತಿಯಲ್ಲಿ ಬಳಸಿದ ವಿಧಾನ: ಪ್ರಶ್ನೆ ಹಾಕು, ಒಬ್ಬೊಬ್ಬರೇ ಯೋಚಿಸಿ ಉತ್ತರ ಆರಿಸಲಿ, ಪಕ್ಕದವರ ಜೊತೆ ವಾದಿಸಲಿ, ಮತ್ತೆ ಆರಿಸಲಿ. ಸುಮಾರು ಶೇ. 30ರಿಂದ 70ರಷ್ಟು ಮಂದಿಯ ಉತ್ತರ ಸರಿ ಇದ್ದಾಗ ಈ ವಾದಕ್ಕೆ ಕಸುವು ಜಾಸ್ತಿ. ನಮ್ಮ ಪ್ರಶ್ನೆ 2019ರಲ್ಲಿ ಅದೇ ಹಾರ್ವರ್ಡ್‌ನಲ್ಲಿ ನಡೆದ ಪ್ರಯೋಗದ್ದು. ಚಂದದ ಉಪನ್ಯಾಸ ಕೇಳಿದವರಿಗೂ, ತಾವೇ ಲೆಕ್ಕ ಬಿಡಿಸಿದವರಿಗೂ 'ನೀವೆಷ್ಟು ಕಲಿತಿರಿ' ಎಂದು ಕೇಳಿದಾಗ ಹೆಚ್ಚು ಕಲಿತೆವು ಎಂದವರು ಯಾರು? ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಬಿಡಿಸಿದವರಿಗೆ. ಆದರೆ ಹೆಚ್ಚು ಕಲಿತೆವು ಎಂದು ಅನ್ನಿಸಿದ್ದು ಉಪನ್ಯಾಸ ಕೇಳಿದವರಿಗೆ. ಉತ್ತರ ಹೇಳುವ ಮುಂಚಿನ ಆ ಗದ್ದಲ ನನಗೆ ಬಲು ಹಿಡಿಸಿತು. ಇಡೀ ಹಾಲ್ ಮರಾಠಿ, ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಒಟ್ಟಿಗೆ ಜಗಳಾಡುತ್ತಿತ್ತು.

ಆಮೇಲೆ ಟೇಬಲ್‌ಗಳು. ಮಂಡಿಸುವವರು ಐದು ನಿಮಿಷ ಮಾತಾಡಿ ಪುರಾವೆಯನ್ನು ಮೇಜಿನ ಮೇಲಿಡಬೇಕು, ಉಳಿದ ಹೊತ್ತು ಕೂತವರದ್ದು. ಪ್ರತಿ ಟೇಬಲ್ಲಿಗೂ ಒಬ್ಬ ವಿದ್ಯಾರ್ಥಿ ಇರಲೇಬೇಕೆಂಬುದು ನಮ್ಮ ಕಡ್ಡಾಯ ನಿಯಮ.

ಸೊಲ್ಲಾಪುರದಿಂದ ಬಂದ ಮೇಡಂ ಒಬ್ಬರ ಟೇಬಲ್ ಹೇಳಲೇಬೇಕು. ಅಕ್ಕಲಕೋಟೆ, ಜತ್ತ ಕಡೆಯಿಂದ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬರುವ ಮಕ್ಕಳಿಗೆ ಅವರು ಫಿಸಿಕ್ಸ್ ಕಲಿಸುತ್ತಾರೆ. ಚೆಂಡನ್ನು ನೇರ ಮೇಲಕ್ಕೆ ಎಸೆದಿದೆ; ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ ಎಷ್ಟು, ಯಾವ ಕಡೆಗೆ? ಒಂದು ಹಾಳೆಯಲ್ಲಿ 9.8, ಕೆಳಮುಖ ಎಂದು ಸರಿಯಾಗಿ ಬರೆದಿತ್ತು. ಪಕ್ಕದ ಚಿತ್ರದಲ್ಲಿ ಮಾತ್ರ ಚೆಂಡಿನಿಂದ ಮೇಲಕ್ಕೆ ಒಂದು ಬಾಣ, ಅದರ ಪಕ್ಕ 'ಎಫ್', ಅಂದರೆ ಬಲ. ಇಂಥ ಉತ್ತರಕ್ಕೆ ನಾವು ಪೂರ್ತಿ ಅಂಕ ಕೊಟ್ಟು ಮುಂದೆ ಹೋಗುತ್ತೇವೆ ಎಂದರು ಒಬ್ಬರು. ಆಗ ನಮ್ಮ ಬಿ.ಎಸ್ಸಿ. ಹುಡುಗ, ಅವನೂ ಜತ್ತದವನೇ, ಕೇಳಿದ: "ಮ್ಯಾಲೆ ಹೊಂಟದ ಅಂದಮ್ಯಾಲೆ ಮ್ಯಾಲಕ್ಕ ದೂಡೂದು ಏನರ ಇರಬೇಕಲ್ರಿ?"

ಹಾಳೆ ಬರೆದ ವಿದ್ಯಾರ್ಥಿ ತಲೆಯಲ್ಲಿದ್ದದ್ದೂ ಅದೇ ಇದ್ದೀತು. ಚಲನೆ ಇದ್ದ ಕಡೆಯೇ ಬಲ ಇರಬೇಕೆಂಬ ಈ ನಂಬಿಕೆ ಜಗತ್ತಿನ ಎಲ್ಲ ಕಡೆ ಕಾಣುತ್ತದೆ. 1992ರಲ್ಲಿ ಹೆಸ್ಟೆನಿಸ್ ಮತ್ತಿತರರು ಇಂಥವನ್ನು ಪತ್ತೆಹಚ್ಚಲೆಂದೇ ಒಂದು ಪ್ರಶ್ನಾವಳಿ ಮಾಡಿಟ್ಟಿದ್ದಾರೆ. ಆದರೆ ಅದನ್ನು ಓದಿ ತಿಳಿಯುವುದು ಬೇರೆ, ಎದುರಿಗೆ ಕೂತ ಹುಡುಗ ತನ್ನ ಮಾತಿನಲ್ಲಿ ಕೇಳುವುದು ಬೇರೆ. ಕೆಮಿಸ್ಟ್ರಿಯವರೊಬ್ಬರು ಅವನಿಗೆ ಉತ್ತರ ಹೇಳದೆ, ಕೈ ಬಿಟ್ಟ ಮೇಲೆ ಚೆಂಡನ್ನು ಮುಟ್ಟುತ್ತಿರುವುದು ಏನೇನು ಎಂದು ಪಟ್ಟಿ ಮಾಡಿಸಿದರು. ಗಾಳಿ. ಮತ್ತೆ? ಮುಟ್ಟದೆಯೇ ಎಳೆಯುವ ಭೂಮಿ. ಮೇಲಕ್ಕೆ ದೂಡುವವರು ಪಟ್ಟಿಯಲ್ಲಿ ಯಾರೂ ಸಿಗಲಿಲ್ಲ. ಹುಡುಗ ತಾನೇ ಪೆನ್ನು ತೆಗೆದುಕೊಂಡು ಬಾಣ ಹೊಡೆದುಹಾಕಿದ. ಮೊದಲು ಮನೆಮಾತಿನಲ್ಲಿ ಚರ್ಚಿಸಲು ಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದರೆ ಏನಾಗುತ್ತದೆ ಎಂಬುದೇ ಮೇಡಂ ಅವರ ಸಂಶೋಧನೆಯ ಪ್ರಶ್ನೆಯಾಗಿತ್ತು. ಬರೀ ಅಂಕ ನೋಡದೆ ಚಿತ್ರಗಳನ್ನೂ ಹೋಲಿಸಿ ಎಂಬ ಸಲಹೆ ಅವರಿಗೆ ಸಿಕ್ಕಿದ್ದು ಅಲ್ಲಿಯೇ.

ಊಟ, ವಸತಿ ಇತ್ಯಾದಿ ಎಲ್ಲ ಕಾನ್ಫರೆನ್ಸಿನಂತೆಯೇ. ರಾತ್ರಿ ಬಸ್ಸಿಗೆ ಬರುವ ಧಾರವಾಡ, ಬೆಳಗಾವಿಯವರಿಗೆ ಪುಣೆಯ ಕನ್ನಡ ಗೆಳೆಯರು ಮನೆಯಲ್ಲೇ ಸ್ನಾನ, ತಿಂಡಿ ಏರ್ಪಾಟು ಮಾಡಿದ್ದರಿಂದ ಖರ್ಚು ಹಗುರಾಯಿತು.

ಇಂಥದ್ದನ್ನು ನಡೆಸಬೇಕೆನ್ನುವವರಿಗೆ ಎರಡು ಮಾತು. ಪ್ರತಿ ಟೇಬಲ್ಲಿಗೂ ಟಿಪ್ಪಣಿ ಬರೆಯುವವರೊಬ್ಬರನ್ನು ಮೊದಲೇ ಗೊತ್ತುಮಾಡಿ, ಆ ಹಾಳೆ ಮಂಡಿಸಿದವರ ಕೈಗೆ ಅಂದೇ ಸಿಗಲಿ. ಎರಡನೇ ದಿನ ಮಧ್ಯಾಹ್ನ ಹೊಸ ವಿಷಯ ಇಡಬೇಡಿ. ನಾವು ಆ ಹೊತ್ತಿನಲ್ಲಿ ಬೇರೆ ಬೇರೆ ಕಾಲೇಜಿನ ಇಬ್ಬಿಬ್ಬರನ್ನು ಜೋಡಿ ಮಾಡಿ, ಮುಂದಿನ ಸೆಮಿಸ್ಟರಿನಲ್ಲಿ ಒಬ್ಬೊಬ್ಬರೂ ಪ್ರಯತ್ನಿಸುವ ಒಂದೇ ಒಂದು ಬದಲಾವಣೆಯನ್ನು ಬರೆಸಿಕೊಂಡೆವು. ಜೋಡಿಗಳು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಸೊಲ್ಲಾಪುರದ ಮೇಡಂಗೆ ಜೊತೆಯಾದವರು ಆ ಕೆಮಿಸ್ಟ್ರಿಯವರೇ. ಈಗ ಇಬ್ಬರೂ ಸೇರಿ ಎರಡೂ ಕಾಲೇಜಿನ ಮಕ್ಕಳಿಂದ ಚಿತ್ರ ಬರೆಸುತ್ತಿದ್ದಾರೆ.