ಹಳೇ ಹಕ್ಕಿ ಚಿತ್ರಗಳನ್ನು ಗೋಡೆಗೆ ಹಾಕುವ ಮುಂಚೆ

ಹಳೇ ಕಾಲದ ಹಕ್ಕಿ ಚಿತ್ರಗಳ ಪ್ರಿಂಟ್ ಹಾಕಿ ಮನೆ ಚೆಂದ ಮಾಡಬೇಕು ಅಂತಿದ್ದೀರಾ? ಚಿತ್ರಕ್ಕೆ ದುಡ್ಡು ಕೊಡಬೇಡಿ. ಅಮೆರಿಕದ ಹಕ್ಕಿ ಚಿತ್ರಕಾರ ಆಡುಬಾನ್ 1827ರಿಂದ 1838ರವರೆಗೆ ಪ್ರಕಟಿಸಿದ 435 ಚಿತ್ರಗಳ ಕಾಪಿರೈಟ್ ಎಂದೋ ಮುಗಿದಿದೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಹಳೇ ಚಿತ್ರಗಳು ರಾಶಿ ರಾಶಿ ಇವೆ, ಉಚಿತವಾಗಿ ಇಳಿಸಿಕೊಳ್ಳಬಹುದು.

ಆದರೆ ಫೈಲ್ ಸೈಜ್ ನೋಡಿಕೊಳ್ಳಿ. ನಾನು ಮೊದಲ ಸಲ ಸಣ್ಣ ಫೈಲನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಗೂಬೆಯ ಕಣ್ಣು ಚೌಕ ಚೌಕವಾಗಿ ಬಂತು! 12×16 ಇಂಚಿಗೆ 3600×4800 ಪಿಕ್ಸೆಲ್ ಇದ್ದರೆ ಗರಿಯ ಒಂದೊಂದು ಎಳೆಯೂ ಕಾಣುತ್ತದೆ. ಪೇಪರ್ ಮ್ಯಾಟ್ ಇರಲಿ. ಹೊಳೆಯುವ ಪೇಪರಲ್ಲಿ ಹಳೇ ಚಿತ್ರ ಕ್ಯಾಲೆಂಡರ್ ಥರ ಕಾಣುತ್ತದೆ. ಹಳದಿಗಟ್ಟಿದ ಹಿನ್ನೆಲೆಯನ್ನು ಸುಮ್ನೆ ಬೆಳ್ಳಗೆ ಮಾಡಲು ಹೋಗಬೇಡಿ, ಅದರ ಅಂದವೇ ಅದು ಅಲ್ವಾ?

ಎಲ್ಲಾ ಗೋಡೆಗೂ ಹಕ್ಕಿ ಬೇಡ, ಮನೆ ಮ್ಯೂಸಿಯಂ ಆಗಿಬಿಡುತ್ತದೆ. ಒಂದೇ ಗೋಡೆ, ಒಂದೇ ಥರದ ಫ್ರೇಮ್, ಒಬ್ಬನೇ ಕಲಾವಿದನ ಮೂರ್ನಾಲ್ಕು ಚಿತ್ರ ಸಾಕು. ಚಿತ್ರದ ಸುತ್ತ ಎರಡು ಇಂಚು ಮೌಂಟ್, ಅಂದರೆ ಫ್ರೇಮಿನೊಳಗೆ ಖಾಲಿ ರಟ್ಟಿನ ಅಂಚು, ಇರಲಿ. ಚಿತ್ರದ ಕೆಳಗಿರುವ ಹಕ್ಕಿಯ ಲ್ಯಾಟಿನ್ ಹೆಸರನ್ನು ಕತ್ತರಿಸಲು ಬಿಡಬೇಡಿ.

ನನಗೆ ಜಾಸ್ತಿ ಇಷ್ಟ ಆಡುಬಾನ್‌ನ ಫ್ಲೆಮಿಂಗೊ. ಹಕ್ಕಿ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಬರೆಯುವ ಹಠ ಅವನದು. ಸುಮಾರು 39 ಇಂಚು ಎತ್ತರದ ಹಾಳೆಯಲ್ಲೂ ಫ್ಲೆಮಿಂಗೊ ನೆಟ್ಟಗೆ ಹಿಡಿಯಲಿಲ್ಲ. ಅದಕ್ಕೇ ಕುತ್ತಿಗೆ ಬಗ್ಗಿಸಿ ನಿಂತಿದೆ. ಕಿರಿದಾದ, ಎತ್ತರದ ಗೋಡೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ನೇರ ಬಿಸಿಲು ಬೀಳುವ ಕಡೆ ಮಾತ್ರ ನೇತುಹಾಕಬೇಡಿ, ಬಣ್ಣ ಮಾಸುತ್ತದೆ.