ಒಂದು ಮನೆಗೆ ಒಂದು ಕಿಲೋಮೀಟರ್ ಕೇಬಲ್

ಶಿರಸಿ ಸುತ್ತಲಿನ ಹಳ್ಳಿಗಳಿಗೆ ಫೈಬರ್ ಕೇಬಲ್ ಎಳೆದು ಇಂಟರ್‌ನೆಟ್ ಕೊಡುವುದು ನನ್ನ ಕೆಲಸ. 'ಪೇಟೆಯವರಿಗೆ ಬೇಗ ಕೊಡ್ತೀರಿ, ನಮಗೆ ಯಾಕಿಲ್ಲ?' ಅಂತ ಎಲ್ಲರೂ ಕೇಳುತ್ತಾರೆ.

ಪೇಟೆಯಲ್ಲಿ ಒಂದೇ ಕಂಬದಿಂದ ಎಂಟು ಮನೆಗೆ ಕನೆಕ್ಷನ್ ಕೊಡಬಹುದು. ನಮ್ಮಲ್ಲಿ ತೋಟ ಇದ್ದಲ್ಲಿ ಮನೆ. ನಡುವೆ ಬೆಟ್ಟ, ಹಳ್ಳ. ಒಂದು ಮನೆಗೇ ಒಂದು ಕಿಲೋಮೀಟರ್ ಕೇಬಲ್ ಬೇಕಾಗುತ್ತದೆ. ತಿಂಗಳ ಬಿಲ್ ಮಾತ್ರ ಎರಡೂ ಕಡೆ ಒಂದೇ. ಲಾಭ ನೋಡುವ ಕಂಪನಿ ಇಲ್ಲಿಗೆ ಯಾಕೆ ಬರುತ್ತದೆ? ಟವರ್ ಹಾಕಿದರೂ ಸಿಗ್ನಲ್ ಗುಡ್ಡ ದಾಟಿ ತೋಟಕ್ಕೆ ಇಳಿಯುವುದಿಲ್ಲ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿದ್ದು ಅದಕ್ಕೇ.

ಪಂಚಾಯ್ತಿ ತನಕ ಫೈಬರ್ ತರುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಈಗ ಅದರ ಹೆಸರು ಭಾರತ್‌ನೆಟ್. ಆದರೆ ಪಂಚಾಯ್ತಿ ಕಟ್ಟಡದಲ್ಲಿ ಯಾರೂ ಸಂಸಾರ ಮಾಡುವುದಿಲ್ಲ, ಅಲ್ವಾ? ಅಲ್ಲಿಂದ ಮನೆಯ ತನಕದ ದಾರಿಯೇ ದುಬಾರಿ.

ಹಾಗಾಗಿ ಬಿಡಿ ಮನೆಗೆ ಲೈನ್ ಎಳೆಯುವುದನ್ನು ನಾನು ಬಿಟ್ಟೆ. ಕೇರಿಯವರೆಲ್ಲ ಸೇರಿ ಕೇಬಲ್ ಖರ್ಚು ಹಂಚಿಕೊಂಡರೆ ಮಾತ್ರ ಕೆಲಸ ಶುರು. ಕಂಬ ಇಲ್ಲದಲ್ಲಿ ಬೆಟ್ಟದಂಚಿನ ಗಟ್ಟಿ ಮರಕ್ಕೆ ಕಟ್ಟುತ್ತೇವೆ. ಅಡಿಕೆ ಮರಕ್ಕೆ ಬೇಡ. ಅದು ಗಾಳಿಗೆ ತೂಗುತ್ತದೆ, ಕೊನೆ ಕೊಯ್ಯುವವರಿಗೂ ತೊಂದರೆ. ಅಲ್ಲಲ್ಲಿ ಕೇಬಲ್ ಸುರುಳಿ ಜಾಸ್ತಿ ಬಿಡಬೇಕು. ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾದರೆ ಅದನ್ನೇ ಎಳೆದು ಜೋಡಿಸಬಹುದು.

ದೂರ ಹೋದಂತೆ ಸ್ಪೀಡ್ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಸುಮ್ನೆ. ಫೈಬರಿನಲ್ಲಿ ಇಂಟರ್‌ನೆಟ್ ಹರಿಯುವುದು ಬೆಳಕಾಗಿ. ಆ ಬೆಳಕು ಎಷ್ಟು ಕಳೆಯಿತು ಅಂತ ಡಿಬಿಯಲ್ಲಿ (ಡೆಸಿಬೆಲ್) ಅಳೆಯುತ್ತೇವೆ. ಒಂದು ಕಿಲೋಮೀಟರ್ ಫೈಬರಿನಲ್ಲಿ ಅರ್ಧ ಡಿಬಿಯೂ ಕಳೆಯುವುದಿಲ್ಲ. ಬೆಳಕು ತಿನ್ನುವುದು ಸ್ಪ್ಲಿಟರ್, ಅಂದರೆ ಒಂದು ಲೈನಿನ ಬೆಳಕನ್ನು ಹಲವು ಮನೆಗೆ ಹಂಚುವ ಸಾಧನ. ಎಂಟು ಪಾಲು ಮಾಡಿದರೆ ಸುಮಾರು 10 ಡಿಬಿ ಹೋಯಿತು. ಆಮೇಲೆ ಕೆಟ್ಟ ಜಾಯಿಂಟ್‌ಗಳು. ಮನೆಯಲ್ಲಿ ಬೆಳಕು ಅಳೆಯುವ ಪವರ್ ಮೀಟರ್ ಮೈನಸ್ 25ಕ್ಕಿಂತ ಕೆಳಗೆ ತೋರಿಸಿದರೆ, ಅಂದರೆ ಬೆಳಕು ತೀರಾ ಕಡಿಮೆ ಬಂದರೆ, ನಾನು ಒಪ್ಪುವುದಿಲ್ಲ, ಜಾಯಿಂಟ್ ಮತ್ತೆ ಮಾಡಿಸುತ್ತೇನೆ. ಕರೆಂಟ್ ಹೋದಾಗ ರೂಟರ್ ನಡೆಯಲು ಸಣ್ಣ ಬ್ಯಾಟರಿಯನ್ನೂ ಇಡಿಸುತ್ತೇನೆ.

ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2024ರಲ್ಲಿ ಅಂದಾಜು ಮಾಡಿದಂತೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್‌ನೆಟ್ಟಿನ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ಶೇ. 93 ಜನ ಬಳಸಿದರೆ, ತೀರಾ ಬಡ ದೇಶಗಳಲ್ಲಿ ಬರೀ ಶೇ. 27. ಒಂದೇ ಕೇರಿಯೊಳಗೂ ಇಂಥ ಅಂತರ ಇದೆ. ಕೂಲಿ ಮಾಡುವವರ ಮನೆ ಎದುರೇ ಕೇಬಲ್ ಹಾದುಹೋಗುತ್ತದೆ, ಪಾಲು ಕೊಡಲು ಅವರಲ್ಲಿ ದುಡ್ಡಿಲ್ಲ. ಈಗ ತೋಟದ ಎಕರೆ ನೋಡಿ ಪಾಲು ಹಾಕುತ್ತೇವೆ. ತೋಟ ಇಲ್ಲದವರಿಗೆ ತಿಂಗಳ ಬಿಲ್ ಮಾತ್ರ. ದೊಡ್ಡ ತೋಟದ ಕೆಲವರು ಗೊಣಗಿದರು, ಆದರೂ ಕೊಟ್ಟರು. ಕೂಲಿ ಇಲ್ಲದ ತಿಂಗಳಲ್ಲಿ ಆ ಬಿಲ್ಲೂ ಬಾಕಿ ಉಳಿಯುತ್ತದೆ. ಅದಕ್ಕೆ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ.